ಕಟಕಟ ಸದ್ದಿಗೆ ಕಡಿವಾಣ

ನಲ್ಲಿ ತೊಟ್ಟಿಕ್ಕುವ ಸದ್ದು, ಹಳೇ ಫ್ಯಾನಿನ ಕಿರಿಕಿರಿ, ಮಿಕ್ಸಿಯ ಗಡಗಡ... ಇವನ್ನೆಲ್ಲ ನಾವು ಹೆಂಗಸರು ಹೇಗೋ ಸಹಿಸಿಕೊಳ್ಳುತ್ತೇವೆ. ತಡೆಯಲಾಗದಿದ್ದರೆ ಎದ್ದು ಇನ್ನೊಂದು ಕೋಣೆಗೆ ಹೋದರಾಯಿತು. ಆದರೆ ಕಾರಿನ ಡ್ಯಾಶ್‌ಬೋರ್ಡ್ ಒಳಗಿನಿಂದ ‘ಕಟಕಟ, ಕಟಕಟ’ ಅಂತ ಶುರುವಾದರೆ? ಎದ್ದು ಹೋಗುವುದೆಲ್ಲಿಗೆ? ಹಾಡು ಜೋರು ಮಾಡಿ ಮರೆಯೋಣವೆಂದರೆ, ಒಮ್ಮೆ ಕಿವಿಗೆ ಬಿದ್ದ ಸದ್ದು ಹಾಡಿನ ನಡುವೆಯೂ ಕೇಳುತ್ತಲೇ ಇರುತ್ತದೆ!

ನಮ್ಮ ಮನೆ ಇರುವುದು ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿ. ದಾಬಸ್‌ಪೇಟೆ ಹತ್ತಿರ, ಕೈಗಾರಿಕಾ ಪ್ರದೇಶದ ಲಾರಿಗಳು ಹಗಲೂ ರಾತ್ರಿ ಓಡಾಡುವ ಜಾಗ. ಹಂಪ್‌ಗಳಿಗೂ ಗುಂಡಿಗಳಿಗೂ ಬರವಿಲ್ಲ. ಮಕ್ಕಳನ್ನು ನೆಲಮಂಗಲದ ಶಾಲೆಗೆ ಬಿಟ್ಟು ಬರುವ ಕೆಲಸ ನನ್ನದು. ಹೋದ ಚಳಿಗಾಲದಲ್ಲಿ ನಮ್ಮ ಎಂಟು ವರ್ಷದ ಸಣ್ಣ ಕಾರು ಕಟಕಟ ಅನ್ನತೊಡಗಿತು. ಯಜಮಾನರಿಗೆ ಹೇಳಿದರೆ, “ನಿಂಗೆ ಎಲ್ಲದರಲ್ಲೂ ಸದ್ದು ಕೇಳುತ್ತೆ ಬಿಡು” ಅಂದರು. ಸರಿ, ನಾನೇ ಹುಡುಕುತ್ತೇನೆ ಅಂತ ಹಟಕ್ಕೆ ಬಿದ್ದೆ.

ತಪ್ಪು ಮಾಡಿದ್ದು ಅಲ್ಲೇ. ಒಂದು ಬೆಳಿಗ್ಗೆ ಬಲಗೈಯಲ್ಲಿ ಸ್ಟೇರಿಂಗ್ ಹಿಡಿದು, ಎಡಗೈಯಿಂದ ಡ್ಯಾಶ್‌ಬೋರ್ಡನ್ನು ಅಲ್ಲಲ್ಲಿ ಒತ್ತಿ ನೋಡುತ್ತಾ ಹೊರಟಿದ್ದೆ. ಒಂದು ಕಡೆ ಒತ್ತಿದಾಗ ಸದ್ದು ನಿಂತಿತು. ಸಿಕ್ಕೇಬಿಡ್ತು ಅಂತ ಖುಷಿಯಿಂದ ಆ ಕಡೆ ತಿರುಗಿದೆ. ಅಷ್ಟರಲ್ಲಿ ಪಕ್ಕದ ರಸ್ತೆಯಿಂದ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕು ಬಂತು. ಮಗಳು “ಅಮ್ಮಾ!” ಅಂತ ಕಿರುಚಿದಾಗಲೇ ನಾನು ಬ್ರೇಕ್ ತುಳಿದಿದ್ದು. ಬೈಕಿಗೂ ನಮಗೂ ಗೇಣುದ್ದ ಅಂತರ. ಆ ಹಿರಿಯರು ಬೈಯಲೂ ಇಲ್ಲ. ನನ್ನ ಮುಖವನ್ನೊಮ್ಮೆ, ಹಿಂದೆ ಕುಳಿತ ಮಕ್ಕಳನ್ನೊಮ್ಮೆ ನೋಡಿ ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅದಕ್ಕೇ ಮೊದಲನೇ ಮಾತು: ಕಾರು ಓಡಿಸುವವರು ಸದ್ದು ಹುಡುಕಬಾರದು. ಸದ್ದಿನಿಂದ ಪ್ರಾಣ ಹೋಗುವುದಿಲ್ಲ, ಅದನ್ನು ಹುಡುಕುವ ಭರದಲ್ಲಿ ಹೋಗಬಹುದು. ಹಾಗಂತ ಸುಮ್ಮನಿರಬೇಕೆಂದೂ ಅಲ್ಲ. ಹುಡುಕುವುದಕ್ಕೊಂದು ಕ್ರಮವಿದೆ. ಅದನ್ನು ಕಲಿತರೆ ಮುಕ್ಕಾಲು ಪಾಲು ಸದ್ದನ್ನು ಒಂದು ಭಾನುವಾರದಲ್ಲಿ ನಾವೇ ನಿಲ್ಲಿಸಬಹುದು.

ಸದ್ದು ಏಕೆ ಬರುತ್ತದೆ?

ಹಳೆಯ ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಡ್ಯಾಶ್‌ಬೋರ್ಡಿಗೆ ತಗಡು ಬಳಸುತ್ತಿದ್ದರು. ಈಗಿನದ್ದು ಹತ್ತಾರು ಪ್ಲಾಸ್ಟಿಕ್ ತುಂಡುಗಳನ್ನು ಕ್ಲಿಪ್ಪು, ಸ್ಕ್ರೂಗಳಿಂದ ಜೋಡಿಸಿದ್ದು. ಕಾರು ಕುಲುಕಿ ಕುಲುಕಿ ಕ್ಲಿಪ್ಪುಗಳು ಸಡಿಲವಾಗುತ್ತವೆ. ಜತೆಗೆ ಬಿಸಿಲು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿಗಿಂತಲೂ ಹೆಚ್ಚು ಕಾಯುತ್ತದೆ. ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, ತಣ್ಣಗಾದಾಗ ಹಾಗೇ ಕುಗ್ಗುತ್ತದೆ. ಬೆಳಿಗ್ಗೆ ಚಳಿಯಲ್ಲಿ ಬರುವ ಸದ್ದು ಮಧ್ಯಾಹ್ನ ಮಾಯವಾಗುವುದು ಇದರಿಂದಲೇ. ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದಾಗ ಮಾತ್ರ ಸದ್ದೇ ಬರಲ್ಲ ಅಂತ ಗೋಳಾಡುತ್ತೇವಲ್ಲ, ಅದರ ಗುಟ್ಟೂ ಎಷ್ಟೋ ಸಲ ಇದೇ!

ಸದ್ದಿನಲ್ಲಿ ಮೂರು ಬಗೆ. ಎರಡು ಗಟ್ಟಿ ವಸ್ತುಗಳು ಒಂದಕ್ಕೊಂದು ಬಡಿದರೆ ‘ಕಟಕಟ’. ಎರಡು ಪ್ಲಾಸ್ಟಿಕ್ ಅಂಚುಗಳು ಉಜ್ಜಿಕೊಂಡರೆ ‘ಕಿರ್ರ್ ಕಿರ್ರ್’. ಎಂಜಿನ್ನಿನ ನಡುಕಕ್ಕೆ ಯಾವುದೋ ಸಡಿಲ ತುಂಡು ಕಂಪಿಸಿದರೆ ‘ಝುಂಯ್’. ಕಟಕಟ ಅಂದರೆ ಏನೋ ಸಡಿಲವಾಗಿದೆ, ಬಿಗಿ ಮಾಡಬೇಕು. ಕಿರ್ರ್ ಅಂದರೆ ನಡುವೆ ಮೆತ್ತನೆಯದೇನಾದರೂ ಇಡಬೇಕು. ಕಾರು ನಿಂತಾಗಲೂ ಝುಂಯ್ ಅಂದರೆ ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿ, ಆರಿಸಿ, ಆಲಿಸಿ ನೋಡಬೇಕು. ಎಲೆಕ್ಟ್ರಿಕ್ ಕಾರಿನವರಿಗೆ ಈ ಕಾಟ ಇನ್ನೂ ಜಾಸ್ತಿ. ಎಂಜಿನ್ ಸದ್ದೇ ಇಲ್ಲದ ಕಾರಿನಲ್ಲಿ ಸಣ್ಣ ಕಟಕಟವೂ ದೊಡ್ಡದಾಗಿ ಕೇಳುತ್ತದೆ.

ಮೊದಲು ಕಾರು ಖಾಲಿ ಮಾಡಿ

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಬುಟ್ಟಿ ಹಿಡಿಯಿರಿ. ಗ್ಲೌಬಾಕ್ಸ್, ಬಾಗಿಲಿನ ಜೇಬು, ಚಿಲ್ಲರೆ ಹಾಕುವ ಗುಳಿ, ಕನ್ನಡಕದ ಗೂಡು, ಸೀಟಿನ ಅಡಿ, ಡಿಕ್ಕಿ ಎಲ್ಲವನ್ನೂ ಖಾಲಿ ಮಾಡಿ. ನಮ್ಮ ಕಾರಿನಲ್ಲಿ ಸಿಕ್ಕಿದ್ದು: ಟೋಲ್ ರಸೀದಿಗಳ ಕಂತೆ, ಎರಡು ಪೆನ್ನು, ಶಿವಗಂಗೆಗೆ ಹೋದಾಗ ತಂದ ಕುಂಕುಮದ ಡಬ್ಬಿ, ಮುರಿದ ಕನ್ನಡಕ, ಹನ್ನೊಂದು ರೂಪಾಯಿ ಚಿಲ್ಲರೆ ಮತ್ತು ಅತ್ತೆಯವರು ಎರಡು ತಿಂಗಳಿಂದ ಹುಡುಕುತ್ತಿದ್ದ ಮಾತ್ರೆ ಡಬ್ಬಿ!

ಡಿಕ್ಕಿಯಲ್ಲಿರುವ ಜಾಕ್, ಸ್ಪ್ಯಾನರ್ ಸಡಿಲವಾಗಿದ್ದರೆ ಹಳೇ ಟವೆಲಿನಲ್ಲಿ ಸುತ್ತಿಡಿ. ಸ್ಟೆಪ್ನಿ ಚಕ್ರವನ್ನು ಅಲುಗಾಡಿಸಿ ನೋಡಿ. ಖಾಲಿ ಸೀಟಿನ ಬೆಲ್ಟಿನ ಕೊಂಡಿ ಬಾಗಿಲಿನ ಪಕ್ಕದ ಕಂಬಕ್ಕೆ ಬಡಿಯುತ್ತಿರಬಹುದು. ಟೈರಿನ ಗಾಳಿಯನ್ನೂ ನೋಡಿಸಿ. ಅಗತ್ಯಕ್ಕಿಂತ ಹೆಚ್ಚು ಗಾಳಿ ತುಂಬಿದ್ದರೆ ರಸ್ತೆಯ ಪ್ರತಿ ಕುಲುಕೂ ಒಳಗೆ ಬರುತ್ತದೆ. ಎಷ್ಟಿರಬೇಕೆಂದು ಸಾಮಾನ್ಯವಾಗಿ ಚಾಲಕರ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಬರೆದಿರುತ್ತದೆ. ಇಷ್ಟು ಮಾಡಿ ಒಂದು ಸುತ್ತು ಹೋಗಿ ಬನ್ನಿ. ಅರ್ಧ ಸದ್ದು ಇಲ್ಲಿಗೇ ನಿಂತರೂ ಆಶ್ಚರ್ಯವಿಲ್ಲ.

ಹಲಸಿನ ಹಣ್ಣಿನ ಪರೀಕ್ಷೆ

ಉಳಿದ ಸದ್ದನ್ನು ಇಬ್ಬರು ಸೇರಿ ಹುಡುಕಬೇಕು. ಒಬ್ಬರು ನಿಧಾನಕ್ಕೆ ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಬೆಲ್ಟ್ ಹಾಕಿ ಕುಳಿತು ಕಿವಿಗೊಡಲಿ. ವಾಹನ ಸಂಚಾರವಿಲ್ಲದ ರಸ್ತೆ ಇರಲಿ. ರೇಡಿಯೊ, ಎ.ಸಿ. ಬಂದ್ ಮಾಡಿ, ಕಿಟಕಿ ಗಾಜು ಏರಿಸಿ. ಸದ್ದು ಬಂದಾಗ ಅಂಗೈಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲೊಂದು ಕಾಗದದ ಟೇಪಿನ ಚೂರು ಅಂಟಿಸಿ ಗುರುತು ಮಾಡಿ.

ಜತೆಗಾರರು ಸಿಗದಿದ್ದರೆ ಕಾರು ನಿಲ್ಲಿಸಿಯೇ ಪರೀಕ್ಷಿಸಬಹುದು. ಹಲಸಿನ ಹಣ್ಣನ್ನು ತಟ್ಟಿ ನೋಡುತ್ತೇವಲ್ಲ, ಹಾಗೇ ಮುಷ್ಟಿಯಿಂದ ಡ್ಯಾಶ್‌ಬೋರ್ಡನ್ನು ಮೆತ್ತಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ‘ಧಪ್’ ಅನ್ನುತ್ತದೆ, ಸಡಿಲ ಇರುವ ಕಡೆ ‘ಕಟ್’ ಅನ್ನುತ್ತದೆ. ಸದ್ದು ಮುಂದಿನ ಗಾಜಿಗೆ ಬಡಿದು ವಾಪಸ್ ಬಂದು ದಾರಿ ತಪ್ಪಿಸುವುದುಂಟು. ದಿನಪತ್ರಿಕೆಯನ್ನು ಕೊಳವೆಯಂತೆ ಸುತ್ತಿ ಕಿವಿಗಿಟ್ಟುಕೊಂಡರೆ ಜಾಗ ಸರಿಯಾಗಿ ತಿಳಿಯುತ್ತದೆ.

ಅನುಮಾನದ ಸಂದಿಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕತ್ತರಿಸಿ, ತುದಿ ಹೊರಗೆ ಕಾಣುವಂತೆ ಸಿಕ್ಕಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ! ನಾನು ಒಂದು ಸಣ್ಣ ಸಂದಿಗೆ ಮಖಮಲ್ಲಿನ ಸ್ಟಿಕ್ಕರ್ ಬೊಟ್ಟು ಅಂಟಿಸಿ ನೋಡಿದ್ದೆ. ಮಗಳು ಕಾರಿಗೆ ಬೊಟ್ಟು ಇಟ್ಟಿದ್ದೀಯಾ ಅಂತ ನಕ್ಕಳು. ಆದರೆ ಇದೆಲ್ಲ ಪರೀಕ್ಷೆಗೆ ಮಾತ್ರ. ಬಿಸಿಲಿಗೆ ಅಂಟು ಬಿಡುತ್ತದೆ.

ಮನೆಯಲ್ಲೇ ಮದ್ದು

* ಗ್ಲೌಬಾಕ್ಸ್: ಮುಚ್ಚಳದ ಅಂಚಿನಲ್ಲಿ ಸಣ್ಣ ರಬ್ಬರ್ ಗುಂಡಿಗಳಿರುತ್ತವೆ. ಅವು ಬಿದ್ದು ಹೋದರೆ ಮುಚ್ಚಳ ಬಡಿಯುತ್ತದೆ. ನಮ್ಮದರಲ್ಲೂ ಒಂದು ಇರಲಿಲ್ಲ. ಕುರ್ಚಿ ಕಾಲಿನ ಅಡಿಗೆ ಅಂಟಿಸುವ ಫೆಲ್ಟ್ ಬಿಲ್ಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಅಂಟಿಸಿದೆ. ಎಷ್ಟೋ ಕಾರುಗಳಲ್ಲಿ ಎ.ಸಿ. ಫಿಲ್ಟರ್ ಗ್ಲೌಬಾಕ್ಸಿನ ಹಿಂದೆ ಇರುತ್ತದೆ. ಸರ್ವಿಸ್ ಆದ ಮೇಲೆ ಸದ್ದು ಶುರುವಾಗಿದ್ದರೆ ಪೆಟ್ಟಿಗೆ ಸರಿಯಾಗಿ ಕೂತಿಲ್ಲವೆಂದೇ ಮೊದಲು ಅನುಮಾನಿಸಿ.

* ಗಾಳಿ ಬರುವ ಜಾಲರಿ: ಮುಂದಿನ ಗಾಜಿನ ಬುಡದಲ್ಲಿರುವ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮಲ್ಲಿ ಮಗಳ ಹೇರ್‌ಕ್ಲಿಪ್ ಕೂತಿತ್ತು! ತಂತಿಯ ತುದಿಗೆ ಡಬಲ್ ಸೈಡ್ ಟೇಪ್ ಸುತ್ತಿ ಅಂಟಿಸಿ ಎಳೆದೆ. ಫ್ಯಾನ್ ಹಾಕಿದಾಗ ಮಾತ್ರ ‘ಟಕಟಕ’ ಬಂದರೆ ಬ್ಲೋವರ್ ಒಳಗೆ ಒಣಗಿದ ಎಲೆ ಸೇರಿರಬಹುದು. ಮರದಡಿ ಕಾರು ನಿಲ್ಲಿಸುವವರು ಗಮನಿಸಿ.

* ಪ್ಲಾಸ್ಟಿಕ್ ಅಂಚುಗಳು: ಕಿರ್ರ್ ಅನ್ನುವ ಸಂದಿಗೆ ತೆಳ್ಳನೆಯ ಫೆಲ್ಟ್ ಟೇಪ್ ಅಥವಾ ವೈರಿಗೆ ಸುತ್ತುವ ಬಟ್ಟೆ ಟೇಪ್ ಅಂಟಿಸಿ. ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಒಣಗಿಸಿ.

* ವೈರುಗಳು: ಹೊಸ ಮ್ಯೂಸಿಕ್ ಸಿಸ್ಟಮ್, ಹಿಂದಿನ ಕ್ಯಾಮೆರಾ ಹಾಕಿಸಿದ ಮೇಲೆ ಸದ್ದು ಶುರುವಾಯಿತೇ? ವೈರಿನ ಗಂಟನ್ನು ಕಟ್ಟದೆ ಒಳಗೆ ಹಾಗೇ ತುರುಕಿರುವ ಸಾಧ್ಯತೆ ಹೆಚ್ಚು. ಹಾಕಿದವರ ಬಳಿಯೇ ಹೋಗಿ ಬಿಚ್ಚಿಸಿ, ಬಟ್ಟೆ ಟೇಪ್ ಸುತ್ತಿಸಿ, ಪ್ಲಾಸ್ಟಿಕ್ ಟೈನಿಂದ ಕಟ್ಟಿಸಿ.

* ಬಾಗಿಲಿನ ರಬ್ಬರ್: ಸದ್ದು ಡ್ಯಾಶ್‌ಬೋರ್ಡಿನ ಮೂಲೆಯಿಂದ ಬಂದಂತೆ ಕೇಳಿದರೂ ಕೆಲವೊಮ್ಮೆ ಬಾಗಿಲಿನ ಸುತ್ತಲಿನ ಒಣಗಿದ ರಬ್ಬರಿನದ್ದು. ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿಕೊಂಡು ತೆಳುವಾಗಿ ಒರೆಸಿ.

ಯಾವುದಾದರೂ ತುಂಡು ಬಿಚ್ಚಲೇಬೇಕಾದರೆ ಚಳಿಯಲ್ಲಿ ಬಿಚ್ಚಬೇಡಿ, ಪ್ಲಾಸ್ಟಿಕ್ ಕ್ಲಿಪ್ಪು ಪಟ್ಟಂತ ಮುರಿಯುತ್ತದೆ. ಸಂಜೆ ಬೆಚ್ಚಗಿರುವಾಗ ಮಾಡಿ. ಕಾರಿನ ಜತೆ ಕೊಟ್ಟ ಪುಸ್ತಕವನ್ನೊಮ್ಮೆ ನೋಡಿ. ಎಳೆದರೂ ಬರುತ್ತಿಲ್ಲವೆಂದರೆ ಎಲ್ಲೋ ಇನ್ನೊಂದು ಸ್ಕ್ರೂ ಇದೆ ಅಂತಲೇ ಅರ್ಥ, ಬಲ ಪ್ರಯೋಗ ಬೇಡ.

ಇವು ಬೇಡವೇ ಬೇಡ

ಕೀರಲು ಸದ್ದಿಗೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳ ಹಳೇ ಅಭ್ಯಾಸ. ಬಾಗಿಲ ಹಿಂಗಿಗೆ ಸರಿ, ಡ್ಯಾಶ್‌ಬೋರ್ಡಿಗೆ ಅಲ್ಲ. ಎಣ್ಣೆಗೆ ಧೂಳು ಹಿಡಿದು ಅಂಟಂಟಾಗುತ್ತದೆ. ಗ್ರೀಸು, ವ್ಯಾಸ್ಲಿನ್ ತಾಗಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಥರ್ಮೋಕೋಲ್ ತುರುಕಿದರೆ ಅದೇ ಕಿರ್ರ್ ಅನ್ನುತ್ತದೆ. ಹಾಸಿಗೆಯ ಹಳೇ ಸ್ಪಂಜು ಬಿಸಿಲಿಗೆ ಪುಡಿಯಾಗಿ ಫ್ಯಾನಿನಲ್ಲಿ ಹಾರುತ್ತದೆ. ಪೆಡಲುಗಳ ಹತ್ತಿರವಂತೂ ಬಟ್ಟೆ, ಕಾಗದ ಏನನ್ನೂ ಸಿಕ್ಕಿಸಲೇಬೇಡಿ. ಜಾರಿ ಬ್ರೇಕಿನ ಅಡಿ ಬಿದ್ದರೆ ಏನು ಗತಿ?

ಇಲ್ಲಿ ಕೈ ಹಾಕಬೇಡಿ

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕರಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. 2021ರಲ್ಲಿ ಪಕ್ಕದ ಸೀಟಿಗೂ ಕಡ್ಡಾಯ ಮಾಡಿದರು. ಪಕ್ಕದ ಸೀಟಿನವರ ಏರ್‌ಬ್ಯಾಗ್ ಇರುವುದು ಡ್ಯಾಶ್‌ಬೋರ್ಡಿನ ಒಳಗೇ! ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಇಂಗ್ಲಿಷಿನಲ್ಲಿ ಬರೆದಿರುವ ಜಾಗವನ್ನು ಬಿಚ್ಚುವುದು, ಅದರ ಸಂದಿಗೆ ಟೇಪ್ ಅಂಟಿಸುವುದು, ಹಳದಿ ಬಣ್ಣದ ವೈರು, ಕನೆಕ್ಟರ್‌ಗಳನ್ನು ಮುಟ್ಟುವುದು ಬೇಡ. ಅದು ತರಬೇತಾದ ಮೆಕ್ಯಾನಿಕ್‌ನ ಕೆಲಸ. ಆ ಜಾಗದ ಮೇಲೆ ಗಣಪತಿ ವಿಗ್ರಹ, ಸೆಂಟಿನ ಬಾಟಲಿ ಅಂಟಿಸುವುದೂ ಅಪಾಯ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅವು ಕಲ್ಲಿನಂತೆ ಎಸೆಯಲ್ಪಡುತ್ತವೆ. ನಾವು ವಿಗ್ರಹ ತೆಗೆದು, ನಡುಭಾಗದಲ್ಲಿ ಅಂಗುಲದಷ್ಟು ಪುಟ್ಟ ಪಟ ಅಂಟಿಸಿದ್ದೇವೆ. ಅತ್ತೆ ಮೊದಲು ಮುಖ ಗಂಟಿಕ್ಕಿದರು, ಕಾರಣ ಹೇಳಿದ ಮೇಲೆ “ದೇವರು ಎಲ್ಲಿದ್ರೂ ನೋಡ್ಕೋತಾನೆ ಬಿಡು” ಅಂದರು.

ಎಲ್ಲ ಸದ್ದೂ ಡ್ಯಾಶ್‌ಬೋರ್ಡಿನದ್ದಲ್ಲ

ಹೇರ್‌ಕ್ಲಿಪ್ ತೆಗೆದು, ಗ್ಲೌಬಾಕ್ಸಿಗೆ ಬಿಲ್ಲೆ ಅಂಟಿಸಿ, ವೈರು ಕಟ್ಟಿಸಿದ ಮೇಲೆ ಕಾರು ಗಪ್‌ಚುಪ್. ಆದರೆ ಹಂಪ್ ಹತ್ತಿ ಇಳಿಯುವಾಗ ಮಾತ್ರ ‘ಟಕ್’ ಅಂತ ಒಂದು ಸದ್ದು ಉಳಿಯಿತು. ಇಷ್ಟು ದಿನ ಕಟಕಟದ ಗದ್ದಲದಲ್ಲಿ ಅದು ಕೇಳಿಸಿರಲೇ ಇಲ್ಲ! ದಾಬಸ್‌ಪೇಟೆಯ ಮೆಕ್ಯಾನಿಕ್ ಕಾರನ್ನು ಎತ್ತಿ, ಚಕ್ರದ ಹಿಂದೆ ಕೈಯಾಡಿಸಿ, “ಅಕ್ಕಾ, ಲಿಂಕ್ ರಾಡ್ ಸವೆದೋಗೈತೆ. ಡ್ಯಾಶ್‌ಬೋರ್ಡ್ ಅಂತ ಕೂತಿದ್ರೆ ಇನ್ನೂ ಕೆಡೋದು” ಅಂದ. ಯಜಮಾನರು ನನ್ನ ಮುಖ ನೋಡಿದರು. ನಾನೇನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಈ ಲಕ್ಷಣಗಳಿದ್ದರೆ ಫೆಲ್ಟ್ ಟೇಪ್ ಬದಿಗಿಟ್ಟು ನೇರ ಮೆಕ್ಯಾನಿಕ್ ಬಳಿ ಹೋಗಿ:

* ಬ್ರೇಕ್ ತುಳಿದಾಗ ಮಾತ್ರ ಬರುವ ಸದ್ದು
* ಸ್ಟೇರಿಂಗ್ ತಿರುಗಿಸಿದಾಗ ಬರುವ ಸದ್ದು
* ಕಾರಿನ ವೇಗ ಹೆಚ್ಚಿದಂತೆ ಚಕ್ರದ ಲಯಕ್ಕೆ ಸರಿಯಾಗಿ ಹೆಚ್ಚುವ ಸದ್ದು
* ಸದ್ದಿನ ಜತೆ ಸ್ಟೇರಿಂಗಿನಲ್ಲಿ ನಡುಕ, ಸುಟ್ಟ ವಾಸನೆ, ಅಥವಾ ಮೀಟರಿನಲ್ಲಿ ಎಚ್ಚರಿಕೆ ದೀಪ

ಕಾರಿಗೆ ವಾರಂಟಿ ಇದ್ದರೆ ನೀವಾಗಿ ಏನನ್ನೂ ಬಿಚ್ಚಬೇಡಿ. ಯಾವ ಹೊತ್ತಿನಲ್ಲಿ, ಯಾವ ವೇಗದಲ್ಲಿ, ಎಂಥ ರಸ್ತೆಯಲ್ಲಿ ಸದ್ದು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಸರ್ವಿಸ್ ಸೆಂಟರಿನಲ್ಲಿ ಮೆಕ್ಯಾನಿಕ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಸದ್ದು ಕೇಳಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಹೆಂಗಸರು ಹೇಳಿದರೆ “ಅದೇನಿಲ್ಲ ಮೇಡಂ” ಅಂತ ಕಳಿಸುವವರಿದ್ದಾರೆ. ಬರೆದ ಚೀಟಿ, ರೆಕಾರ್ಡ್ ಮಾಡಿದ ಸದ್ದು ಕೈಯಲ್ಲಿದ್ದರೆ ಹಾಗೆ ಹೇಳಲಾಗದು.

ಕುಕ್ಕರ್ ಕೂಗಿನಲ್ಲಿ ವ್ಯತ್ಯಾಸವಾದರೆ ಗ್ಯಾಸ್ಕೆಟ್ ಹೋಗಿದೆ ಎಂದು ಹಾಲ್‌ನಲ್ಲಿ ಕುಳಿತೇ ಹೇಳುವ ಕಿವಿ ನಮ್ಮದು. ಕಾರಿನ ವಿಷಯದಲ್ಲೂ ಆ ಕಿವಿಯನ್ನು ನಂಬಿ. ಆದರೆ ಸ್ಟೇರಿಂಗ್ ಹಿಡಿದಾಗ ಕಣ್ಣು ಮಾತ್ರ ರಸ್ತೆಯ ಮೇಲೇ ಇರಲಿ. ಆ ಹಾಲಿನ ಬೈಕಿನ ಹಿರಿಯರು ಈಗಲೂ ಒಮ್ಮೊಮ್ಮೆ ಎದುರಾಗುತ್ತಾರೆ. ನಾನು ನಿಧಾನ ಮಾಡಿ ದಾರಿ ಬಿಡುತ್ತೇನೆ, ಅವರು ತಲೆಯಾಡಿಸಿ ಹೋಗುತ್ತಾರೆ.