ಹೆಣಕ್ಕೆ ಹೆಗಲು ಕೊಡುವವರು ಯಾರು?

ಸ್ಟೇಟ್‌ಬ್ಯಾಂಕಿನಲ್ಲಿ ಜೆಪ್ಪು ಬಸ್ಸಿಗೆ ಕಾಯುವವರು ಹಳೇ ಹಂಚಿನ ಮಾಡುಗಳನ್ನು ದಿನಾ ನೋಡುತ್ತಾರೆ, ನೋಡಿಯೂ ನೋಡುವುದಿಲ್ಲ. ಎಲ್ಲಾದರೂ ಹಳೇ ಮನೆ ಕೆಡವುತ್ತಿದ್ದರೆ ಒಂದು ಹಂಚು ಎತ್ತಿ ತಿರುಗಿಸಿ. ನಸೀಬಿದ್ದರೆ ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರು, ಪಕ್ಕದಲ್ಲಿ 1865 ಎಂಬ ಇಸವಿ ಇಂಗ್ಲಿಷಿನಲ್ಲಿ ಒತ್ತಿದ್ದು ಸಿಗುತ್ತದೆ.

ಮಂಗಳೂರು ಹಂಚು ಊರೂರಿಗೆ ಹೋದ ಕಥೆ ಎಲ್ಲರಿಗೂ ಗೊತ್ತು. ಆ ಹಂಚಿನ ಮಣ್ಣು ಕಲಸಿದ ಕೈಗಳು ಯಾರವು, ಅವರು ಆ ಕಾರ್ಖಾನೆ ಬಾಗಿಲಿಗೆ ಏಕೆ ಬಂದು ನಿಂತರು ಎಂಬ ಕಥೆ ಮಾತ್ರ ಯಾರಿಗೂ ಬೇಕಾಗಿಲ್ಲ.

1834ರ ಅಕ್ಟೋಬರ್ 30ರಂದು ಮೂರು ಜನ ಪಾದ್ರಿಗಳು ಮಂಗಳೂರಿಗೆ ಬಂದರು. ಹೆಬಿಕ್, ಲೇನರ್, ಗ್ರೈನರ್. ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ನು. ಅವರ ಮಾತು ಕೇಳಿ ಕ್ರೈಸ್ತರಾದವರು ಮೊದಮೊದಲು ಬೆರಳೆಣಿಕೆಯ ಜನ. ಮುಂದೆ ಮೂಲ್ಕಿ, ಉಡುಪಿ ಕಡೆ ಹೆಚ್ಚಾಯಿತು. ಅವರಲ್ಲಿ ಬಿಲ್ಲವರೇ ಬಹಳ.

ಈಗ ಲೆಕ್ಕ ಹಾಕಿ ಸ್ವಾಮಿ. ಶೇಂದಿ ಇಳಿಸುವವನೊಬ್ಬ ಮತ ಬದಲಾಯಿಸಿದ. ಮಿಷನ್ನಿಗೆ ಕಳ್ಳು ಸೇರದು, ಕಸುಬು ಬಿಡು ಅಂದರು. ಮನೆಯವರಿಗೆ ಅವನ ಹೊಸ ದೇವರು ಸೇರದು, ಮನೆ ಬಿಡು ಅಂದರು. ಅಳಿಯಸಂತಾನದ ಕೂಡು ಕುಟುಂಬ, ಹೊರಗೆ ಕಾಲಿಟ್ಟರೆ ಊಟದ ಪಾಲೂ ಇಲ್ಲ. ಗೇಣಿಗೆ ಗದ್ದೆ ಕೊಟ್ಟ ಧಣಿ ಮುಖ ತಿರುಗಿಸಿದರೆ ಅದೂ ಹೋಯಿತು. ಕೈಯಲ್ಲಿ ಉಳಿದದ್ದು ಒಂದು ಹೊಸ ಹೆಸರು!

ಜಾತಿ ಬಿಟ್ಟವನ ಆಸ್ತಿ ಹಕ್ಕು ಹೋಗಬಾರದು ಎಂದು ಕಂಪೆನಿ ಸರ್ಕಾರ 1850ರಲ್ಲಿ 21ನೇ ಕಾಯಿದೆ ಮಾಡಿತು. ಕಾಗದದ ಮೇಲೆ ಒಳ್ಳೆಯದೇ. ಆದರೆ ಕಾಯಿದೆ ಬಾವಿ ಹಗ್ಗವನ್ನು ಕೈಗೆ ಕೊಡುತ್ತದೆಯೇ? ಮಗಳಿಗೆ ಗಂಡು ಹುಡುಕುತ್ತದೆಯೇ? ಸತ್ತರೆ ಹೆಣಕ್ಕೆ ಹೆಗಲು ಕೊಡುತ್ತದೆಯೇ? ನಮ್ಮೂರಿನಲ್ಲಿ ಮನುಷ್ಯನ ಬೆಲೆ ಗೊತ್ತಾಗುವುದು ಆ ನಾಲ್ಕು ಹೆಗಲಿನಲ್ಲಿ ತಾನೇ?

ದೊಡ್ಡವರ ಮನೆಯಲ್ಲೂ ಇದೇ ಗತಿ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕುದಿಯಿತು. ಆತ ಓದಿದವ. ಬಾಸೆಲ್‌ಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಇಲ್ಲಿಗೇ ಮರಳಿದರು. ಓದು ಇಲ್ಲದವನು ಎಲ್ಲಿಗೆ ಹೋಗಬೇಕು?

ಸಭೆಗೆ ಹೋದ. ಇಲ್ಲಿ ಸಭೆ ಎಂದರೆ ಮೈಕು, ಹಾರ ಇರುವ ಸಭೆಯಲ್ಲ. ಕ್ರೈಸ್ತರು ತಮ್ಮ ಕೂಟಕ್ಕೆ ಇಟ್ಟ ಹೆಸರು ಅದು. ಮನೆ ಕಳೆದುಕೊಂಡ ಹತ್ತು ಜನ ಒಟ್ಟಾಗಿ ಹನ್ನೊಂದನೆಯವನನ್ನು ಒಳಗೆ ಕರೆದುಕೊಳ್ಳುವುದು, ಇಷ್ಟೇ. ಭಾನುವಾರ ಜರ್ಮನ್ ರಾಗಕ್ಕೆ ಕನ್ನಡ ಹಾಡು ಕೂಡಿಸಿ ಹಾಡಿದರು. ಕಾಯಿಲೆಯವರ ಮನೆಗೆ ಪ್ರಾರ್ಥನೆಗೆಂದು ಹೋದವರು ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದೂ ನೋಡಿದರು. ಜಗಳ ಬಂದರೆ ಸಭೆಯ ಹಿರಿಯರು ಕೂತು ಮಾತಾಡಿದರು. ಮದುವೆ ಸಂಬಂಧವೂ ಅಲ್ಲೇ, ಸಮಾಧಿ ಗುಂಡಿಯೂ ಅಲ್ಲೇ.

ಆದರೆ ಹಾಡಿದರೆ ಹೊಟ್ಟೆ ತುಂಬುವುದಿಲ್ಲವಲ್ಲ ಮಾರಾಯ್ರೇ. ಇದು ಪಾದ್ರಿಗಳಿಗೂ ಬೇಗ ತಿಳಿಯಿತು. ಬೇಸಾಯ ಮಾಡಿಸಿ ನೋಡಿದರು, ಗಡಿಯಾರ ರಿಪೇರಿಯನ್ನೂ ಕಲಿಸಿ ನೋಡಿದರು. ಮಂಗಳೂರಿನಲ್ಲಿ ಆಗ ಗಡಿಯಾರ ಇದ್ದವರೆಷ್ಟು? ಅದು ನಡೆಯಲಿಲ್ಲ. ನಡೆದದ್ದು ಅಚ್ಚುಕೂಟ, ಮಗ್ಗ, ಹಂಚು, ಈ ಮೂರು. ಕಿಟ್ಟೆಲ್‌ರ ನಿಘಂಟು 1894ರಲ್ಲಿ ಅಚ್ಚಾದದ್ದು ಆ ಅಚ್ಚುಕೂಟದಲ್ಲಿ. ಮಗ್ಗಕ್ಕೆ 1851ರಲ್ಲಿ ಹಾಲರ್ ಎಂಬ ನೇಕಾರ ಬಂದ. ಪೊಲೀಸರ ಮೈಮೇಲಿನ ಖಾಕಿ ಬಣ್ಣವನ್ನು ಆತನ ಲೆಕ್ಕಕ್ಕೆ ಬರೆಯುವವರಿದ್ದಾರೆ. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿ ದಡದ ಜೇಡಿಮಣ್ಣು ತಂದು ಜೆಪ್ಪುವಿನಲ್ಲಿ ಹಂಚು ಸುಡಲು ಹೊರಟ. ಮೊದಲಿಗೆ ಮಣ್ಣು ಅರೆಯುವುದಕ್ಕೆ ಎತ್ತುಗಳು, ಆಮೇಲೆ ಹಬೆ ಯಂತ್ರ. ಕುದ್ರೋಳಿ, ಮಲ್ಪೆಯಲ್ಲೂ ಗೂಡು ಹೊಗೆಯಾಡಿತು. ಮನೆಯಿಂದ ಹೊರಬಿದ್ದವರು ಊರಿನವರ ಮುಳಿಹುಲ್ಲಿನ ಮಾಡು ತೆಗೆಸಿ ಹಂಚು ಹೊದೆಸಿದರು!

ಇದರಲ್ಲಿ ಹುಳುಕು ಇರಲಿಲ್ಲವೆಂದಲ್ಲ. ಕೆಲಸ ಕೊಡುವವನೂ ದೇವರ ಮಾತು ಹೇಳುವವನೂ ಒಬ್ಬನೇ ಆದರೆ ಬಡವನ ಬಾಯಿ ಕಟ್ಟುತ್ತದೆ. ಕುಡಿದು ಸಿಕ್ಕಿಬಿದ್ದರೆ ಬೋಧಕರಿಗೂ ಉತ್ತರ ಹೇಳಬೇಕು, ಕಾರ್ಖಾನೆ ದೊರೆಗೂ ಹೇಳಬೇಕು. 'ಹೊಟ್ಟೆಪಾಡಿನ ಮತ' ಎಂದು ಹೊರಗಿನವರು ಆಡಿಕೊಂಡರು. ಮಿಷನ್ನಿನ ಒಳಗೇ ಎಷ್ಟೋ ಮಂದಿಗೆ ಈ ವ್ಯಾಪಾರ ಹಿಡಿಸಲಿಲ್ಲ. ಆಡಿಕೊಂಡವರ ಮಾತು ಪೂರಾ ಸುಳ್ಳೆನ್ನಲು ನಾನು ತಯಾರಿಲ್ಲ. ಆದರೆ ಅದು ಪೂರಾ ನಿಜವಾಗಿದ್ದರೆ ದೊರೆಗಳು ಹೋದ ದಿನವೇ ಸಭೆಯೂ ಬರಿದಾಗಬೇಕಿತ್ತು.

ದೊರೆಗಳು ಹೋದದ್ದು ನಿಜ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರು. ಅಂದರೆ ಬ್ರಿಟಿಷ್ ಸರ್ಕಾರಕ್ಕೆ ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು, ಆಮೇಲೆ ಹಡಗು ಹತ್ತಿಸಿ ಊರಿಗೆ ಅಟ್ಟಿದರು. ಮಗ್ಗ, ಹಂಚಿನ ಕಾರ್ಖಾನೆಗಳು ಸರ್ಕಾರದ ಕೈಗೆ ಬಿದ್ದು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಪಾಲಾದವು. ಹಳಬರ ಬಾಯಲ್ಲಿ 'ಕಾಮನ್‌ವೆಲ್ತ್ ಹಂಚು' ಅನ್ನುವುದು ಇದನ್ನೇ.

ಇಲ್ಲಿಯವರ ಪಾಡು ಯೋಚಿಸಿ. ಎಂಬತ್ತು ವರ್ಷ ಗದರಿಸಿ, ಕೈ ಹಿಡಿದು ನಡೆಸಿದ 'ಅಯ್ಯ' ಇಲ್ಲ. ಹಣ ಬರುತ್ತಿದ್ದ ದಾರಿ ಬಂದ್. ನಿಮ್ಮ ಪಾದ್ರಿ ಜರ್ಮನಿಯವನಲ್ಲವೇ ಎಂಬ ಕುಹಕ ಬೇರೆ. ಬೇಕಿದ್ದರೆ ಹಳೇ ಮನೆಗೆ ಮರಳಬಹುದಿತ್ತೇ? ಆ ಬಾಗಿಲು ಯಾವತ್ತೋ ಮುಚ್ಚಿತ್ತು ಎನ್ನಬಹುದು. ಆದರೂ ಚದುರಿ ಹೋಗಲು ದಾರಿ ನೂರಿದ್ದವು.

ಚದುರಲಿಲ್ಲ. ಈ ಊರಿನಲ್ಲೇ ಹುಟ್ಟಿದ ಬೋಧಕರು, ಉಪದೇಶಿಗಳು, ಶಾಲೆ ಮೇಷ್ಟ್ರುಗಳು, ಸಭೆಯ ಹಿರಿಯರು ಭಾನುವಾರದ ಆರಾಧನೆ ನಿಲ್ಲದ ಹಾಗೆ ನೋಡಿಕೊಂಡರು. ಕಾಣಿಕೆ ತಟ್ಟೆಗೆ ಬೀಳುವ ಬಿಲ್ಲೆಗಳಿಗೆ ಬೆಲೆ ಬಂದದ್ದು ಆಗ. ಬೇರೆ ಮಿಷನ್‌ನವರ ಕೈಯೂ ಸೇರಿತು, ಅದನ್ನು ಮರೆಯಬಾರದು. ಆದರೆ ರಾತ್ರಿ ಹೊತ್ತು ಜ್ವರದ ಮನೆಗೆ ದೀಪ ಹಿಡಿದು ಹೋದವರು ಪಕ್ಕದ ಮನೆಯವರೇ. ಅಲ್ಲಿಯವರೆಗೆ ಸಭೆ ಮಿಷನ್ನಿನ ಮಗುವಾಗಿತ್ತು. ನನ್ನ ಲೆಕ್ಕದಲ್ಲಿ ಅದು ದೊಡ್ಡದಾದದ್ದು ಆ ನಾಲ್ಕೈದು ವರ್ಷಗಳಲ್ಲಿ.

ಈಗ ಆ ಸಭೆಗಳೆಲ್ಲ ಸಿ.ಎಸ್.ಐ. ಕರ್ನಾಟಕ ದಕ್ಷಿಣ ಸಭಾಪ್ರಾಂತದಲ್ಲಿವೆ. ಕಚೇರಿ ಬಲ್ಮಠದಲ್ಲಿ. ಪಕ್ಕದ ದೈವಜ್ಞಾನ ಕಾಲೇಜಿನಲ್ಲಿ ಹಳೇ ಮಿಷನ್ನಿನ ಕಾಗದಪತ್ರ ಜೋಪಾನವಾಗಿವೆ, ಆಸಕ್ತಿ ಇದ್ದವರು ಕೇಳಿ ನೋಡಬಹುದು. ಹಂಚಿನ ಕಾರ್ಖಾನೆಗಳ ಕಥೆ ಮಾತ್ರ ಮುಗಿಯುತ್ತಾ ಬಂತು. ಕಾಂಕ್ರೀಟ್ ಬಂದ ಮೇಲೆ ಒಂದೊಂದೇ ಚಿಮಿಣಿ ತಣ್ಣಗಾಗಿ, ಕೆಲವು ಕಡೆ ಫ್ಲ್ಯಾಟುಗಳೆದ್ದಿವೆ.

ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಅಪ್ಪ ಅಮ್ಮ ಮಾತ್ರ ಇಲ್ಲಿ. ಭಾನುವಾರ ಆರಾಧನೆಯಲ್ಲಿ ಕಾಯಿಲೆ ಬಿದ್ದವರ ಹೆಸರು ಈಗಲೂ ಓದುತ್ತಾರೆ. ಆ ಸಂಜೆ ಬೈಬಲ್ಲು ಹಿಡಿದುಕೊಂಡು ನಾಲ್ಕು ಜನ ಅಂಥ ಮನೆಯ ಬೆಲ್ ಒತ್ತುತ್ತಾರೆ.