ಹಲ್ಲಿನ ಡಾಕ್ಟರಾಗುವ ಮಕ್ಕಳ ಹಲ್ಲುನೋವು

ಕಳೆದ ಬಕ್ರೀದ್‌ಗೆ ಊರಿಗೆ ಬಂದಿದ್ದ ನನ್ನ ಅಕ್ಕನ ಮಗಳು ರಾಣೆಬೆನ್ನೂರಿನ ನನ್ನ ದವಾಖಾನೆಗೆ ಬಂದು, “ಮಾಮೂ, ಲವಂಗದ ಎಣ್ಣೆ ಇದ್ದರೆ ಸ್ವಲ್ಪ ಕೊಡಿ” ಎಂದಳು. ಕೆಳಗಿನ ದವಡೆ ಹಲ್ಲು ಎರಡು ರಾತ್ರಿಯಿಂದ ನಿದ್ದೆ ಕೊಟ್ಟಿರಲಿಲ್ಲ. ಹಲ್ಲುನೋವು ಯಾರಿಗೂ ಬರುವಂಥದ್ದೇ. ಆದರೆ ಆಕೆ ಓದುತ್ತಿರುವುದು ಬಿಡಿಎಸ್, ಮೂರನೇ ವರ್ಷ. “ನಿಮ್ಮ ಕಾಲೇಜಿನಲ್ಲೇ ಆಸ್ಪತ್ರೆ ಇದೆಯಲ್ಲ ಬೇಟಿ, ತೋರಿಸಲಿಲ್ಲವೇ?” ಎಂದು ಕೇಳಿದರೆ ತಲೆ ತಗ್ಗಿಸಿದಳು. ಅಲ್ಲಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ ನೋಡುವವರು ಅವಳ ಗೆಳತಿಯರು, ಅವಳ ಅಧ್ಯಾಪಕರು. ನಾಚಿಕೆಯಿಂದ ಮೂರು ತಿಂಗಳು ಮುಂದೂಡಿದ್ದಳು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮಕ್ಕಳು ಈ ಓದಿಗಾಗಿ ದಾವಣಗೆರೆಗೋ ಧಾರವಾಡಕ್ಕೋ ಹೋಗುತ್ತಾರೆ. ಕೆಲವರು ವಿಜಯಪುರದ ಅಲ್-ಅಮೀನ್ ದಂತ ಕಾಲೇಜಿಗೂ ಹೋಗುತ್ತಾರೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಹೆಚ್ಚಿನವರಿಗೆ ಹಾಸ್ಟೆಲ್ ವಾಸ. ಅವಳ ಒಂದು ದಿನದ ತಿನಿಸನ್ನು ಚೀಟಿಯಲ್ಲಿ ಬರೆಸಿದೆ. ಬೆಳಿಗ್ಗೆ ನಾಷ್ಟಾ ಇಲ್ಲ, ಚಹಾ-ಬಿಸ್ಕತ್ತು. ತರಗತಿಗಳ ನಡುವೆ ಮತ್ತೆ ಚಹಾ. ಮಧ್ಯಾಹ್ನ ಅರೆಬರೆ ಊಟ. ಸಂಜೆ ಮಂಡಕ್ಕಿ-ಮೆಣಸಿನಕಾಯಿ, ಅದರ ಮೇಲೆ ಚಹಾ. ರಾತ್ರಿ ಓದುವಾಗ ಚಿಪ್ಸ್, ಗುಟುಕು ಗುಟುಕಾಗಿ ಒಂದು ಬಾಟಲಿ ತಂಪು ಪಾನೀಯ, ಪುಸ್ತಕದ ಮೇಲೆಯೇ ನಿದ್ದೆ. ಎಣಿಸಿದರೆ ಒಂಬತ್ತು ಸಲ ಬಾಯಿಗೆ ಏನೋ ಬಿದ್ದಿತ್ತು. ಬ್ರಷ್ ಬಿದ್ದದ್ದು ಒಂದೇ ಸಲ.

ಹಲ್ಲು ಹುಳುಕಾಗುವುದು ಹೇಗೆಂದು ಅವಳು ನನಗಿಂತ ಚೆನ್ನಾಗಿ ಹೇಳಬಲ್ಲಳು. ನಿಮಗಾಗಿ ನಾನು ಹೇಳುತ್ತೇನೆ. ಹಲ್ಲಿಗೆ ಅಂಟಿದ ಬಿಳಿ ಪದರದಲ್ಲಿರುವ ರೋಗಾಣುಗಳು ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅದನ್ನು ಆಮ್ಲವಾಗಿ ಮಾಡುತ್ತವೆ. ಪಿಎಚ್ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರದ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಿದ್ದರೆ ಎಲ್ಲ ಮೊದಲಿನಿಂದ ಶುರು. ಆದ್ದರಿಂದ ಎಷ್ಟು ತಿಂದಿರಿ ಎನ್ನುವಷ್ಟೇ, ಎಷ್ಟು ಸಲ ತಿಂದಿರಿ ಎನ್ನುವುದೂ ಮುಖ್ಯ. ಸಿಹಿಯಲ್ಲದ ಚಿಪ್ಸ್, ಮಂಡಕ್ಕಿಯೂ ಹಲ್ಲಿನ ಸಂದಿಯಲ್ಲಿ ಅಂಟಿ ಕೂತು ಇದೇ ಕೆಲಸ ಮಾಡುತ್ತವೆ.

ಇದನ್ನು ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ 1940ರ ದಶಕದಲ್ಲಿ ಪರೀಕ್ಷಿಸಿ ನೋಡಿದರು. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಊಟಗಳ ನಡುವೆ ಅಂಟು ಮಿಠಾಯಿ ತಿಂದವರ ಹಲ್ಲು ಬಹಳ ಹೆಚ್ಚು ಹಾಳಾಯಿತು. (ಆ ಪರೀಕ್ಷೆ ನಡೆದದ್ದು ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿ, ಬೇಡ ಎನ್ನಲಾರದವರ ಮೇಲೆ. ಆ ಅನ್ಯಾಯವನ್ನು ಮರೆಯಬಾರದು.) ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಹಲ್ಲು ಉಳಿಸಿಕೊಳ್ಳುವ ಬಗ್ಗೆ ಬರೆಯುವಾಗ ಅಂಟಾದ ಸಿಹಿ ಪದಾರ್ಥಗಳಿಂದ ದೂರವಿರಲು ಹೇಳಿದ್ದು ನಮ್ಮ ಯುನಾನಿ ವಿದ್ಯಾರ್ಥಿಗಳಿಗೆ ಗೊತ್ತು.

ಜನರು ತಮ್ಮ ಬಾಯಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ತಿಳಿಯಲು ಜಪಾನಿನ ಹಿರೋಷಿಮಾ ವಿಶ್ವವಿದ್ಯಾಲಯದ ಕವಾಮುರಾ ಎಂಬವರು 1988ರಲ್ಲಿ ಇಪ್ಪತ್ತು ಹೇಳಿಕೆಗಳ ಪಟ್ಟಿಯೊಂದನ್ನು ಮಾಡಿದರು. ಒಸಡಿನಲ್ಲಿ ರಕ್ತ ಬರುತ್ತದೆಯೇ, ನೋವು ಬರುವವರೆಗೆ ವೈದ್ಯರ ಬಳಿ ಹೋಗುವುದಿಲ್ಲವೇ ಎಂಬಂಥವು. ಭಾರತವೂ ಸೇರಿ ಹಲವು ದೇಶಗಳಲ್ಲಿ ದಂತ ವಿದ್ಯಾರ್ಥಿಗಳನ್ನು ಅಳೆಯಲು ಇದನ್ನು ಬಳಸಿದ್ದಾರೆ. ಸಾಮಾನ್ಯವಾಗಿ, ರೋಗಿಗಳನ್ನು ನೋಡತೊಡಗಿದ ಹಿರಿಯ ವಿದ್ಯಾರ್ಥಿಗಳು ಹೊಸಬರಿಗಿಂತ ಹೆಚ್ಚು ಅಂಕ ಪಡೆಯುತ್ತಾರೆ. ಸಂತೋಷ. ಆದರೆ ಆ ಇಪ್ಪತ್ತರಲ್ಲಿ ತಿಂಡಿ-ಚಹಾದ ಬಗ್ಗೆ ಒಂದೂ ಇಲ್ಲ! ನನ್ನ ಸೊಸೆಯಂಥವರು ಅದರಲ್ಲಿ ಸಲೀಸಾಗಿ ಪಾಸಾಗಿಬಿಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಸಿಹಿ ತಿನ್ನಬೇಕೆನಿಸಿದರೆ ಊಟದ ಜೊತೆಗೇ ತಿಂದು ಮುಗಿಸಿ. ನಡುವೆ ಹಸಿವಾದರೆ ಹುರಿದ ಶೇಂಗಾ, ಸೌತೆಕಾಯಿ, ಉಪ್ಪು ಹಾಕಿದ ಮಜ್ಜಿಗೆ. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕುವವರು ದಿನಕ್ಕೆ ಐದು ಲೋಟ ಕುಡಿದರೆ ನಲವತ್ತು ಗ್ರಾಂ ಅಲ್ಲಿಗೇ ಆಯಿತು. ಲೋಟ ಕಡಿಮೆ ಮಾಡಿ, ಪ್ರತಿ ಸಲ ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಹುಳಿ ಪಾನೀಯ ಕುಡಿದ ಕೂಡಲೇ ಬ್ರಷ್ ಮಾಡಬೇಡಿ, ಅರ್ಧ ಗಂಟೆ ಬಿಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಬರುವುದರಿಂದ ರಾತ್ರಿಯ ಬ್ರಷ್ ತಪ್ಪಿಸಲೇಬಾರದು. ಫ್ಲೋರೈಡ್ ಇರುವ ಪೇಸ್ಟ್ ಆಗಲಿ.

ಮಿಸ್ವಾಕ್ ಸಾಲದೇ ಎಂದು ಜುಮಾ ನಮಾಝ್ ಮುಗಿಸಿ ಬರುವಾಗ ಹಲವರು ಕೇಳುತ್ತಾರೆ. ಅದು ಸುನ್ನತ್, ಹಲ್ಲಿನ ಪದರವನ್ನು ಚೆನ್ನಾಗಿ ತೆಗೆಯುತ್ತದೆ, ವುಝೂ ಜೊತೆ ಖಂಡಿತ ಮಾಡಿ. ಆದರೆ ಹಲ್ಲುಗಳ ನಡುವಿನ ಸಂದಿಗೆ ಅದು ತಲುಪುವುದಿಲ್ಲ, ರಾತ್ರಿಯ ಪೇಸ್ಟಿನ ಬದಲು ಅದನ್ನು ಇಟ್ಟುಕೊಳ್ಳಬೇಡಿ. ಇನ್ನೊಂದು ಮಾತು, ನಾನು ಯುನಾನಿ ಹಕೀಮನಾಗಿಯೇ ಹೇಳುತ್ತೇನೆ: ನಮ್ಮ ಸನೂನ್ ಹಲ್ಲುಪುಡಿ ಒಸಡಿಗೆ ಒಳ್ಳೆಯದು, ಕುಳಿ ಬಿದ್ದ ಹಲ್ಲನ್ನು ಅದು ತುಂಬುವುದಿಲ್ಲ.

ಅವಳಿಗೆ ಲವಂಗದ ಎಣ್ಣೆ ಕೊಟ್ಟೆ, ಒಂದು ರಾತ್ರಿಗೆ ಸಾಲುವಷ್ಟು ಮಾತ್ರ. ಮರುದಿನ ನಾನೇ ದಂತ ವೈದ್ಯರ ಬಳಿ ಕರೆದುಕೊಂಡು ಹೋದೆ. ಹುಳುಕು ನರದವರೆಗೆ ಇಳಿದಿತ್ತು. ಮೂರು ತಿಂಗಳ ಮೊದಲು ತೋರಿಸಿದ್ದರೆ ಪ್ರಾಯಶಃ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದದ್ದಕ್ಕೆ ರೂಟ್ ಕೆನಾಲ್ ಆಯಿತು. ಈ ಸಲ ಹಾಸ್ಟೆಲ್‌ಗೆ ಹೊರಡುವಾಗ ಅಕ್ಕ ಚೀಲಕ್ಕೆ ಹುರಿದ ಶೇಂಗಾ ಕಟ್ಟಿದ್ದಾಳೆ. ಅದರ ಕೆಳಗೆ ಶಂಕರಪಾಳಿಯ ಡಬ್ಬಿಯೂ ಇತ್ತೆಂದು ಆಮೇಲೆ ಗೊತ್ತಾಯಿತು. ಊಟದ ಜೊತೆ ತಿನ್ನು ಎಂದು ಫೋನಿನಲ್ಲಿ ಹೇಳಿದ್ದೇನೆ.