ಕಾಣೆಯಾದವರು ಗೋಡೆ ಮೇಲೆ ಎದ್ದು ನಿಂತರು

ರಾತ್ರೋರಾತ್ರಿ ನಿಮ್ಮ ಮಗನನ್ನು ಹೊತ್ತೊಯ್ತಾರೆ. ಬೆಳಗ್ಗೆ ಹೋಗಿ ಕೇಳಿದರೆ, ಅಂಥವರು ಯಾರೂ ನಮ್ಮಲ್ಲಿಲ್ಲ ಅಂತಾರೆ. ಕೇಸಿಲ್ಲ, ಶವವೂ ಇಲ್ಲ. ಏನ್ ಮಾಡ್ತೀರಿ?

ಅರ್ಜೆಂಟೀನಾದಲ್ಲಿ ಆಗಿದ್ದು ಇದೇ. 1976ರಲ್ಲಿ ಅಲ್ಲಿನ ಸೇನೆ ಅಧಿಕಾರ ಕಿತ್ತುಕೊಂಡಿತು. ಏಳು ವರ್ಷದಲ್ಲಿ ಕಾಣೆಯಾದವರು 30 ಸಾವಿರ ಅನ್ನುತ್ತವೆ ಮಾನವ ಹಕ್ಕು ಸಂಘಟನೆಗಳು. ಮಕ್ಕಳನ್ನು ಕಳಕೊಂಡ ತಾಯಂದಿರು 1977ರಿಂದಲೇ ರಾಜಧಾನಿ ಬ್ಯೂನಸ್ ಐರಿಸ್‌ನ ಪ್ಲಾಜಾ ಡಿ ಮಾಯೊ ಚೌಕದಲ್ಲಿ ಸುತ್ತು ಹಾಕ್ತಿದ್ದರು.

1983ರ ಸೆಪ್ಟೆಂಬರ್ 21. ಸೇನೆ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ. ಮೂವರು ಕಲಾವಿದರು ಆ ತಾಯಂದಿರ ಪ್ರತಿಭಟನೆಗೆ ಕಾಗದ, ಬಣ್ಣ ಹೊತ್ತು ತಂದರು. ಆದರೆ ಚಿತ್ರ ಬರೆದವರು ಜನ! ಒಬ್ಬರು ಕಾಗದದ ಮೇಲೆ ಮಲಗೋದು, ಇನ್ನೊಬ್ಬರು ಅವರ ಮೈಸುತ್ತ ಗೆರೆ ಎಳೆಯೋದು. ಹೀಗೆ ಮೂಡಿದ ಆಳೆತ್ತರದ ಆಕೃತಿಗಳನ್ನು ಸುತ್ತಲಿನ ಗೋಡೆಗಳಿಗೆ ಅಂಟಿಸಿದರು. ತಾಯಂದಿರದ್ದು ಒಂದು ಷರತ್ತು: ಯಾವುದನ್ನೂ ನೆಲದ ಮೇಲೆ ಮಲಗಿಸಬೇಡಿ, ನಿಲ್ಲಿಸಿ. ಮಲಗಿಸಿದರೆ ಸತ್ತರು ಅಂತ ಒಪ್ಪಿದ ಹಾಗಾಗುತ್ತಲ್ಲ?

ಇದರ ಶಕ್ತಿ ಎಲ್ಲಿದೆ ನೋಡಿ. ಕಾಣೆಯಾದವನ ಜಾಗಕ್ಕೆ ಬದುಕಿರೋನು ತನ್ನ ಮೈಯನ್ನೇ ಕೊಟ್ಟ. ನಾಳೆ ನಾನೂ ಹೀಗೇ ಕಾಣೆಯಾಗಬಹುದು ಅನ್ನೋದು ಅವನಿಗೆ ಮಲಗಿದಾಗಲೇ ತಿಳಿಯಿತು. ಒಬ್ಬ ಕಲಾವಿದನನ್ನು ಜೈಲಿಗೆ ಹಾಕಬಹುದು. ಇಡೀ ಚೌಕವೇ ಬರೆದರೆ ಯಾರನ್ನು ಹಿಡೀತೀರಿ?

ಆ ಡಿಸೆಂಬರ್‌ನಲ್ಲಿ ಚುನಾಯಿತ ಸರ್ಕಾರ ಬಂತು. 1985ರಲ್ಲಿ ಸೇನಾಡಳಿತದ ಮುಖ್ಯಸ್ಥರು ಕಟಕಟೆ ಹತ್ತಿದರು. ಚಿತ್ರಗಳಿಂದಲೇ ಇದೆಲ್ಲ ಆಯ್ತು ಅಂತ ನಾನು ಹೇಳೋದಿಲ್ಲ. ಆದರೆ ‘ಯಾರೂ ಇಲ್ಲ’ ಅಂದವರ ಮುಂದೆ, ‘ಇದ್ದರು, ಎಲ್ಲಿ ಹೇಳಿ?’ ಅಂತ ಊರಿಗೆ ಊರೇ ಅವತ್ತು ಕೇಳಿತು.